ದೂರದ ಪಾಠ, ಹತ್ತಿರದ ಎಚ್ಚರ

ವಿದ್ಯೆಯು ಕಿವಿಯಿಂದ ಬರುವುದೋ, ಸಂಗದಿಂದ ಬರುವುದೋ ಎಂಬುದು ಬಹು ಹಳೆಯ ಪ್ರಶ್ನೆ. ಕೇಳಿದ್ದೆಲ್ಲವೂ ವಿದ್ಯೆಯಾಗುವುದಾದರೆ ಸಂತೆಯ ನಡುವೆ ಕುಳಿತವನೇ ಮಹಾಪಂಡಿತನಾಗಬೇಕಾಗಿತ್ತು. ಬಳಿಯಲ್ಲಿದ್ದ ಮಾತ್ರಕ್ಕೆ ವಿದ್ಯೆ ಬರುವುದಾದರೆ ಗುರುಮನೆಯ ಕಂಬವೂ ಜ್ಞಾನಿಯಾಗಬೇಕಾಗಿತ್ತು. ಎರಡೂ ಆಗುವುದಿಲ್ಲವೆಂಬುದು ಎಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ಆದುದರಿಂದ ಕಲಿಯುವವನಿಗೆ ಕೇಳುವಿಕೆಯೂ ಬೇಕು, ಕೇಳಿದ್ದನ್ನು ತನ್ನೊಳಗೆ ಎಚ್ಚರಗೊಳಿಸುವ ಇನ್ನೊಂದು ಸಾಧನವೂ ಬೇಕು. ಈ ಎರಡನೆಯದು ಯಾವುದು, ಅದು ಎಲ್ಲಿಂದ ಬರತಕ್ಕದ್ದು ಎಂಬುದನ್ನು ಇತ್ತೀಚಿನ ವರ್ಷಗಳ ಒಂದು ಅನುಭವದ ಮೂಲಕ ವಿಚಾರಮಾಡುವುದು ಈ ಪಾಠದ ಉದ್ದೇಶ.

ಆ ಅನುಭವವು ಆನ್‌ಲೈನ್ ತರಗತಿಯದು. 2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ವ್ಯಾಧಿಯ ಭಯದಿಂದ ಕರ್ನಾಟಕದ ಶಾಲೆಗಳು ಬಾಗಿಲು ಹಾಕಿದುವು. ಅದೇ ತಿಂಗಳ 25ರಿಂದ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತಿತು. ಮುಂದಿನ ಹದಿನೆಂಟು ತಿಂಗಳ ಕಾಲ ಅನೇಕ ಮಕ್ಕಳಿಗೆ ಗುರುಗಳೆಂದರೆ ಅಂಗೈಯಗಲದ ಗಾಜಿನೊಳಗೆ ಕಾಣುವ ಮುಖವಾಯಿತು. ಹಲವರಿಗೆ ಅದೂ ದೊರೆಯಲಿಲ್ಲ.

ನಾಲ್ಕು ತಾಲ್ಲೂಕುಗಳ ನೆಲ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ನೆರೆಯವಾದರೂ ಒಂದೇ ಬಗೆಯವಲ್ಲ. ಶ್ರೀರಂಗಪಟ್ಟಣವು ಕಾವೇರಿಯ ನಡುಗಡ್ಡೆ. ಬೆಂಗಳೂರು–ಮೈಸೂರು ಹೆದ್ದಾರಿಯೂ ರೈಲುದಾರಿಯೂ ಅದರ ಮೇಲೆಯೇ ಹಾಯುತ್ತವೆ. ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇದ್ದ ಪಾಂಡವಪುರದಲ್ಲಿ ನಾಲೆಯ ನೀರು ಹರಿಯುವ ಗದ್ದೆಗಳೂ ಇವೆ, ಮೇಲುಕೋಟೆಯ ಕಡಿದಾದ ಬೆಟ್ಟವೂ ಇದೆ. ಕೃಷ್ಣರಾಜಪೇಟೆಯು ಹೇಮಾವತಿಯ ಸೀಮೆ. ಅಲ್ಲಿಂದ ಮುಂಬಯಿಗೆ ದುಡಿಯಲು ಹೋದ ಕುಟುಂಬಗಳು ಬಹಳ. ನಾಗಮಂಗಲವು ಹಿತ್ತಾಳೆ–ಕಂಚಿನ ಕೆಲಸಕ್ಕೆ ಹೆಸರಾದ ಊರು. ಅದರ ಸುತ್ತ ರಾಗಿ ಹುರುಳಿಗಳನ್ನು ಬೆಳೆಯುವ ಮಳೆಯಾಸರೆಯ ಹೊಲಗಳೇ ಹೆಚ್ಚು.

ಹೆದ್ದಾರಿಯ ಬದಿಯ ಊರಿನಲ್ಲಿ ಮೊಬೈಲಿನ ಸಿಗ್ನಲ್ ಸುಲಭವಾಗಿ ದೊರೆತೀತು. ಬೆಟ್ಟದ ಮರೆಯ ಊರಿನಲ್ಲಿ ಅದು ಬಂದೂ ಬಾರದಂತೆ ಇರುವುದು. 2020ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಹಿಂದಿರುಗಿದವರಲ್ಲಿ ವ್ಯಾಧಿಯು ಕಂಡುಬಂದು ಕೃಷ್ಣರಾಜಪೇಟೆ ನಾಗಮಂಗಲಗಳ ಕಡೆ ಭಯವು ಹೆಚ್ಚಿತು. ಪಟ್ಟಣದ ಶಾಲೆಯಲ್ಲಿ ಓದುತ್ತಿದ್ದ ಮಗುವೊಂದು ತನ್ನ ಅಜ್ಜನ ಊರಿಗೆ ಬಂದು, ಪುಸ್ತಕವನ್ನು ಅಲ್ಲಿಯೇ ಬಿಟ್ಟು, ಮೊಬೈಲಿನಲ್ಲಿ ಪಾಠ ಕೇಳಬೇಕಾಗಿ ಬಂದುದನ್ನು ಊಹಿಸುವುದು ಕಷ್ಟವಲ್ಲ.

ಮನೆಮನೆಯ ಅನುಕೂಲವೂ ಒಂದೇ ತೆರನಾಗಿರಲಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯು 2017–18ರಲ್ಲಿ ಎಣಿಸಿದಂತೆ ಭಾರತದ ಹಳ್ಳಿಗಳ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಐದನ್ನೂ ಮುಟ್ಟಲಿಲ್ಲ. ಇಂಟರ್‌ನೆಟ್ ಸೌಕರ್ಯವಿದ್ದವು ಸುಮಾರು 15. ಒಂದು ಗಂಟೆಯ ವಿಡಿಯೋ ಪಾಠಕ್ಕೆ ಅರ್ಧ ಜಿ.ಬಿ.ಯಷ್ಟೋ ಅದಕ್ಕೂ ಹೆಚ್ಚೋ ಡೇಟಾ ಖರ್ಚಾಗುವುದು. ಇಬ್ಬರು ಮಕ್ಕಳಿದ್ದು ಒಂದೇ ಮೊಬೈಲು ಇರುವ ಮನೆಯಲ್ಲಿ ಒಬ್ಬರ ಪಾಠವು ಇನ್ನೊಬ್ಬರ ಪಾಠವನ್ನು ನುಂಗುವುದು. ತಂದೆಯು ಆ ಮೊಬೈಲನ್ನು ಕೆಲಸಕ್ಕೆ ಕೊಂಡೊಯ್ದರೆ ಇಬ್ಬರಿಗೂ ಉಪವಾಸವೇ ಸರಿ.

ದೂರದ ಪಾಠವು ಹೊಸದಲ್ಲ

ಹೀಗೆಂದ ಮಾತ್ರಕ್ಕೆ ದೂರದಿಂದ ಕಲಿಯುವುದೇ ದೋಷವೆಂದು ತೀರ್ಮಾನಿಸುವುದು ನ್ಯಾಯವಾಗದು. ಈ ನಾಡಿನಲ್ಲಿ ದೂರದ ಪಾಠಕ್ಕೆ ದೀರ್ಘವಾದ ಪರಂಪರೆಯಿದೆ. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಇಂದಿನವರಿಗೆ ತಲುಪಿದುದೇ ದೂರದಿಂದ. ಅವು ತಾಳೆಯ ಓಲೆಗಳಲ್ಲಿ ಮನೆಮಠಗಳ ಅಟ್ಟಗಳ ಮೇಲೆ ಉಳಿದುಬಂದುವು. ಫ. ಗು. ಹಳಕಟ್ಟಿಯವರು ಅಂತಹ ಓಲೆಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಮುದ್ರಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂಚೆಯವನು ತಂದ ಪತ್ರಿಕೆಯನ್ನು ಜಗುಲಿಯಲ್ಲಿ ಕುಳಿತು ಓದಿದ ರೈತನಿಗೆ ಗುರುವು ಕಣ್ಣೆದುರು ಇರಲಿಲ್ಲ. ಆದರೂ ಅವನು ಕಲಿಯಲಿಲ್ಲವೆಂದು ಯಾರು ಹೇಳಬಲ್ಲರು?

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದಾಗ ಕಾಣದ ಕಂಠವೊಂದು ಮನೆಯೊಳಗೆ ಮಾತನಾಡುವಂತಾಯಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಕಳುಹಿಸುವ ಶಿಕ್ಷಣವನ್ನು ಆರಂಭಿಸಿತು; 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಗಲು ದುಡಿದು ರಾತ್ರಿ ಓದಿದ ಎಷ್ಟೋ ಮಂದಿ ಈ ದಾರಿಯಲ್ಲಿಯೇ ಪದವೀಧರರಾದರು.

ಆನ್‌ಲೈನ್ ತರಗತಿಯಲ್ಲಿಯೂ ಗುಣಗಳುಂಟು. ಮಂಡಿನೋವಿನಿಂದ ಮಠದ ಮೆಟ್ಟಿಲೇರಲಾರದ ವೃದ್ಧೆಯು ಮನೆಯಲ್ಲಿ ಕುಳಿತೇ ಉಪನ್ಯಾಸವನ್ನು ಕೇಳಬಹುದು. ಹೊರನಾಡಿನ ಕನ್ನಡಿಗರ ಮಕ್ಕಳು ತಾಯ್ನುಡಿಯ ಪಾಠವನ್ನು ಪಡೆಯಬಹುದು. ಅರ್ಥವಾಗದ ಭಾಗವನ್ನು ಮತ್ತೆ ತಿರುಗಿಸಿ ಕೇಳುವ ಅನುಕೂಲ ಪಾಠಶಾಲೆಯಲ್ಲಿಲ್ಲ. ಎಲ್ಲರೆದುರು ಎದ್ದುನಿಂತು ಕೇಳಲು ನಾಚುವ ಹುಡುಗನು ಅಕ್ಷರದಲ್ಲಿ ಬರೆದು ಪ್ರಶ್ನೆಯನ್ನು ಕಳುಹಿಸಬಹುದು. ಆದುದರಿಂದ ಯಂತ್ರವನ್ನು ನಿಂದಿಸುವುದು ವಿವೇಕವಲ್ಲ. ಅದು ಏನನ್ನು ಹೊತ್ತು ತರಬಲ್ಲದು, ಏನನ್ನು ತರಲಾರದು ಎಂಬುದನ್ನು ತಿಳಿದುಕೊಳ್ಳುವುದೇ ವಿವೇಕ.

ಯಂತ್ರವು ತರಲಾರದುದು

ತರಗತಿಯ ಕೋಣೆಯಲ್ಲಿ ಗುರುವು ನುಡಿಯುವುದು ಎಷ್ಟೋ, ನೋಡುವುದೂ ಅಷ್ಟೇ. ಪಾಠ ಹೇಳುತ್ತಿರುವಾಗಲೇ ಹಿಂದಿನ ಸಾಲಿನ ಹುಡುಗನ ಹುಬ್ಬು ಗಂಟಾದುದನ್ನು ಆತನು ಕಾಣುತ್ತಾನೆ. ಮಾತನ್ನು ನಿಲ್ಲಿಸಿ ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾನೆ. ಶಿಷ್ಯನು ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಉತ್ತರ ದೊರೆಯುವುದು ಹೀಗೆ. ಆನ್‌ಲೈನ್ ತರಗತಿಯಲ್ಲಿ ಮುಖಗಳು ಅಂಚೆಯ ಚೀಟಿಯಷ್ಟಾಗುತ್ತವೆ. ಡೇಟಾ ಉಳಿಸಲೆಂದು ಕ್ಯಾಮೆರಾವನ್ನು ಮುಚ್ಚಿದರೆ ಅಷ್ಟೂ ಇಲ್ಲ. ಹೆಸರು ಮಾತ್ರ ಉಳಿಯುತ್ತದೆ. ಕ್ಯಾಮೆರಾ ತೆರೆದಿದ್ದರೂ ಕಣ್ಣಿಗೆ ಕಣ್ಣು ಕೂಡುವುದಿಲ್ಲ. ಏಕೆಂದರೆ ಕ್ಯಾಮೆರಾದ ಕಣ್ಣು ಪರದೆಯ ಮೇಲಂಚಿನಲ್ಲಿರುವುದು, ಗುರುವಿನ ಮುಖವು ಅದರ ಕೆಳಗಿರುವುದು. ಗುರುಮುಖವನ್ನು ನೋಡುವ ಶಿಷ್ಯನು ಗುರುವಿಗೆ ಎತ್ತಲೋ ನೋಡುತ್ತಿರುವವನಂತೆ ಕಾಣುತ್ತಾನೆ.

ಒಟ್ಟಾಗಿ ಹಾಡುವುದೂ ಅಲ್ಲಿ ನಡೆಯದು. ಧ್ವನಿಯು ಒಬ್ಬೊಬ್ಬರನ್ನು ಒಂದೊಂದು ಗಳಿಗೆಗೆ ತಲುಪುವುದರಿಂದ ನಲವತ್ತು ಮಕ್ಕಳು ಕೂಡಿ ಮಗ್ಗಿಯನ್ನೋ ಪದ್ಯವನ್ನೋ ಹೇಳಹೊರಟರೆ ಗದ್ದಲವಾಗುವುದು. ಆದುದರಿಂದ ಒಬ್ಬರು ಹೇಳಬೇಕು, ಉಳಿದವರು ತಮ್ಮ ಧ್ವನಿಯನ್ನು ಮುಚ್ಚಿಕೊಂಡಿರಬೇಕು. ಸಾಮೂಹಿಕ ಪಠಣದಲ್ಲಿ ಬಲವಿಲ್ಲದ ಕಂಠವು ಬಲವುಳ್ಳ ಕಂಠದ ಆಸರೆಯಿಂದ ಏಳುತ್ತದೆ. ಆ ಆಸರೆಯು ಪರದೆಯಲ್ಲಿ ಇಲ್ಲ.

ಇದೆಲ್ಲಕ್ಕಿಂತ ಮುಖ್ಯವಾದುದು ಹಾಜರಿಯ ವಿಷಯ. ಶಾಲೆಯಲ್ಲಿ ಬಾರದವನ ಜಾಗ ಬರಿದಾಗಿ ಕಾಣುತ್ತದೆ. ಪಕ್ಕದಲ್ಲಿ ಕೂರುವವನು, “ಸಾರ್, ಅವನು ಕುರಿ ಕಾಯೋಕೆ ಹೋಗವ್ನೆ” ಎಂದು ಹೇಳುತ್ತಾನೆ. ಗುರುಗಳು ಸಂಜೆ ಆ ಮನೆಯ ಮುಂದೆ ನಿಲ್ಲುತ್ತಾರೆ. ಆನ್‌ಲೈನ್ ತರಗತಿಯಲ್ಲಿ ಬಾರದವನು ಕಾಣಿಸುವುದೇ ಇಲ್ಲ. ಬಂದವನೂ ಹೆಸರನ್ನು ಬಿಟ್ಟು ಎದ್ದುಹೋಗಬಹುದು. ಹೆಸರು ಹಾಜರು, ಮನಸ್ಸು ಗೈರುಹಾಜರು. ಹೀಗೆ ಜಾರಿಹೋದ ಮಗುವನ್ನು ಜಾರಿದ ದಿನವೇ ಹಿಡಿದುಕೊಳ್ಳುವ ಕೈ ಇರಲಿಲ್ಲವೆಂಬುದೇ ಆ ಕಾಲದ ದೊಡ್ಡ ನಷ್ಟ.

ಒಂದು ಮನೆಯ ದೃಷ್ಟಾಂತ

ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ನಾಗಮಂಗಲದ ಕಡೆಯ ಒಂದು ಮನೆಯೆಂದು ವಾಚಕರು ಭಾವಿಸಲಿ. ಹತ್ತನೆಯ ತರಗತಿಯ ಬಾಲಕಿಯೊಬ್ಬಳು ಗೋಡೆಯ ಗೂಡಿನಲ್ಲಿ ಮೊಬೈಲನ್ನು ಒರಗಿಸಿಟ್ಟು ವಿಜ್ಞಾನದ ಪಾಠವನ್ನು ಕೇಳುತ್ತಿದ್ದಾಳೆ. ಅಂದಿನ ಪಾಠ ನಿಮ್ನದರ್ಪಣ ಮತ್ತು ಪೀನದರ್ಪಣಗಳದು. “ಎಲ್ಲರಿಗೂ ಕೇಳಿಸುತ್ತಿದೆಯೇ?” ಎಂದು ಗುರುಗಳು ಮೂರು ಸಲ ಕೇಳುತ್ತಾರೆ. “ಕೇಳಿಸುತ್ತಿದೆ ಸಾರ್” ಎಂದು ಬಾಲಕಿಯು ಮೂರು ಸಲವೂ ಉತ್ತರಿಸುತ್ತಾಳೆ. ಪಾಠ ಮುಗಿಯುತ್ತದೆ. ಒಲೆಯ ಮುಂದಿದ್ದ ಅಜ್ಜಿಯು ವಿಚಾರಿಸುತ್ತಾಳೆ:

“ಏನವ್ವಾ, ಇವತ್ತು ಏನು ಹೇಳಿಕೊಟ್ರು?”

“ಎಲ್ಲ ಕೇಳಿಸ್ತು ಅಜ್ಜಿ. ಅರ್ಥ ಮಾತ್ರ ಆಗ್ಲಿಲ್ಲ.”

“ಹಂಗಾದ್ರೆ ನಂಗೆ ಹೇಳು, ನೋಡಾನ. ನಂಗೂ ಏನೂ ಗೊತ್ತಿಲ್ಲ.”

ಬಾಲಕಿಯು ನಗುತ್ತ ಹೇಳತೊಡಗುತ್ತಾಳೆ. ಒಳಕ್ಕೆ ಬಾಗಿದ ಕನ್ನಡಿ, ಹೊರಕ್ಕೆ ಬಾಗಿದ ಕನ್ನಡಿ ಎಂಬಲ್ಲಿಗೆ ಬಂದು ತಡವರಿಸುತ್ತಾಳೆ. ಅಜ್ಜಿಯು ಹುಣಸೆಹಣ್ಣಿನಿಂದ ಬೆಳಗಿಟ್ಟಿದ್ದ ಹಿತ್ತಾಳೆಯ ಸೌಟನ್ನು ಕೈಗೆತ್ತಿಕೊಂಡು, “ಇದರಂಗೇನು?” ಎಂದು ಕೇಳುತ್ತಾಳೆ. ಸೌಟಿನ ಒಳಮೈಯಲ್ಲಿ ಬಾಲಕಿಯ ಮುಖವು ತಲೆಕೆಳಗಾಗಿ ಕಾಣುತ್ತದೆ; ತಿರುಗಿಸಿ ಹಿಡಿದರೆ ಹೊರಮೈಯಲ್ಲಿ ಕಿರಿದಾಗಿ, ಆದರೆ ನೆಟ್ಟಗೆ ಕಾಣುತ್ತದೆ. ಒಂದು ಗಂಟೆ ಕೇಳಿದ್ದು ಆಗ ಒಂದು ಗಳಿಗೆಯಲ್ಲಿ ಎಚ್ಚರಗೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವಿದು. ವಿದ್ಯೆಯನ್ನು ಕೊಟ್ಟವರು ಗುರುಗಳೇ. ಅಜ್ಜಿಗೆ ದರ್ಪಣಶಾಸ್ತ್ರವು ತಿಳಿದಿರಲಿಲ್ಲ. ಆದರೆ ಕೇಳಿದ್ದಕ್ಕೂ ತಿಳಿದದ್ದಕ್ಕೂ ಇರುವ ಅಂತರವನ್ನು ತೋರಿಸಿಕೊಟ್ಟವಳು ಪಕ್ಕದಲ್ಲಿದ್ದ ಅಜ್ಜಿ. ಆಕೆಯು ಪ್ರಶ್ನಿಸದಿದ್ದರೆ ಬಾಲಕಿಯು “ಕೇಳಿಸಿತು” ಎಂಬುದನ್ನೇ “ಕಲಿತೆ” ಎಂದು ನಂಬಿಕೊಂಡಿರುತ್ತಿದ್ದಳು. ಮಾತು ದೂರದಿಂದ ಬರಬಹುದು; ಎಚ್ಚರವು ಹತ್ತಿರದಿಂದಲೇ ಬರಬೇಕು.

ಮಾರಯ್ಯನವರೂ ಲಕ್ಕಮ್ಮನವರೂ

ಶರಣರ ಚರಿತ್ರೆಯಲ್ಲಿ ಇದೇ ತತ್ತ್ವವು ಇನ್ನೂ ಗಂಭೀರವಾಗಿ ಕಾಣಬರುತ್ತದೆ. ಆಯ್ದಕ್ಕಿ ಮಾರಯ್ಯನವರು ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡಿದ್ದರು. ಒಂದು ದಿನ ಅವರು ಅಲ್ಲಮಪ್ರಭುವಿನ ಸನ್ನಿಧಿಯಲ್ಲಿ ಅನುಭಾವದ ಮಾತುಗಳನ್ನು ಕೇಳುತ್ತ ಮೈಮರೆತರು. ಕಾಯಕದ ಹೊತ್ತು ಮೀರಿತು. ಆಗ ಅವರ ಪತ್ನಿ ಲಕ್ಕಮ್ಮನವರು ಬಂದು ಕಾಯಕವನ್ನು ನೆನಪಿಸಿದರು. ಮಾರಯ್ಯನವರು ಧಾವಿಸಿ, ಅಂದು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನೂ ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ತಿಳಿಸಿದರು. ‘ಶೂನ್ಯಸಂಪಾದನೆ’ಯು ಈ ಪ್ರಸಂಗವನ್ನು ಆದರದಿಂದ ನಿರೂಪಿಸುತ್ತದೆ.

ಇಲ್ಲಿ ಉಪದೇಶಿಸುತ್ತಿದ್ದವರು ಸಾಮಾನ್ಯರಲ್ಲ, ಶೂನ್ಯಸಿಂಹಾಸನದ ಪ್ರಭುಗಳು. ಕೇಳುತ್ತಿದ್ದವರೂ ಸಾಮಾನ್ಯರಲ್ಲ. ದೂರವೆಂಬುದೂ ಇರಲಿಲ್ಲ; ಗುರುಶಿಷ್ಯರಿಬ್ಬರೂ ಎದುರುಬದುರು ಕುಳಿತಿದ್ದರು. ಹಾಗಿದ್ದರೂ ಕೇಳುವ ಸುಖದಲ್ಲಿ ಮಾಡುವ ಧರ್ಮವು ಮರೆತುಹೋಯಿತು. ಕೇಳುವಿಕೆಯು ತನ್ನಷ್ಟಕ್ಕೆ ಪೂರ್ಣವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅದನ್ನು ಪೂರ್ಣಗೊಳಿಸಿದವರು ಪಕ್ಕದಲ್ಲಿದ್ದು ನೋಡುತ್ತಿದ್ದ ಲಕ್ಕಮ್ಮನವರು. ಅವರು ಎರಡು ಕಾರ್ಯಗಳನ್ನು ಮಾಡಿದರು: ಮರೆತುದನ್ನು ನೆನಪಿಸಿದರು, ಮಿತಿಮೀರಿದುದನ್ನು ತಿದ್ದಿದರು.

ಎದುರಿನ ಪಾಠಕ್ಕೇ ಇಂತಹ ಎಚ್ಚರವು ಬೇಕಾಗಿದ್ದರೆ ಪರದೆಯ ಪಾಠಕ್ಕೆ ಎಷ್ಟು ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆನ್‌ಲೈನ್ ತರಗತಿಯು ಕೆಟ್ಟಲ್ಲಿ ಪಾಠ ಮಾತ್ರವೇ ಕೆಡಲಿಲ್ಲ. ಮನೆಯಲ್ಲಿ ಲಕ್ಕಮ್ಮನ ಸ್ಥಾನವು ಬರಿದಾಗಿತ್ತು. “ಮೊಬೈಲು ಕೊಡಿಸಿದೆವಲ್ಲ, ಇನ್ನೇನು?” ಎಂದು ಹಿರಿಯರು ಕೈತೊಳೆದುಕೊಂಡ ಮನೆಯಲ್ಲಿ ಮಗುವು ಒಂಟಿಯಾಯಿತು.

ಗುರುವೇ ಜಗುಲಿಗೆ ಬಂದ ಕಾಲ

ಇದನ್ನು ಅಂದಿನ ಶಿಕ್ಷಕರೂ ಸರ್ಕಾರವೂ ಬೇಗನೆ ಮನಗಂಡರು. ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠವು ತಕ್ಕದ್ದೇ ಎಂಬ ಚರ್ಚೆಯು 2020ರ ಜೂನ್ ತಿಂಗಳಿನಲ್ಲಿ ರಾಜ್ಯದಲ್ಲಿ ಬಲವಾಗಿ ನಡೆಯಿತು. ಸರ್ಕಾರವು ಅದಕ್ಕೆ ತಡೆ ಹಾಕಿತು. ಜುಲೈ 8ರಂದು ಹೈಕೋರ್ಟು ಆ ತಡೆಯನ್ನು ಅಮಾನತಿನಲ್ಲಿಟ್ಟಿತು. ಅದೇ ತಿಂಗಳಿನಲ್ಲಿ ದೂರದರ್ಶನದ ಚಂದನ ವಾಹಿನಿಯು ಪ್ರೌಢಶಾಲೆಯ ಮಕ್ಕಳಿಗಾಗಿ ‘ಸಂವೇದ’ ಪಾಠಗಳನ್ನು ಬಿತ್ತರಿಸತೊಡಗಿತು.

ಆಗಸ್ಟ್ ತಿಂಗಳಿನಲ್ಲಿ ‘ವಿದ್ಯಾಗಮ’ವೆಂಬ ಯೋಜನೆಯು ಪ್ರಾರಂಭವಾಯಿತು. ಮೊಬೈಲೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲು ಉಳ್ಳವರು, ಇಂಟರ್‌ನೆಟ್ ಸಹಿತ ಮೊಬೈಲು ಉಳ್ಳವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಿ, ಸರ್ಕಾರಿ ಶಾಲೆಯ ಶಿಕ್ಷಕರು ಮಕ್ಕಳಿದ್ದಲ್ಲಿಗೆ ತಾವೇ ಹೋದರು. ದೇವಸ್ಥಾನದ ಜಗುಲಿ, ಸಮುದಾಯ ಭವನ, ಮರದ ನೆರಳು ಇವೇ ಪಾಠಶಾಲೆಗಳಾದುವು. ಹಿಂದೆ ಶಿಷ್ಯನು ಗುರುವನ್ನು ಅರಸಿ ನಡೆಯುತ್ತಿದ್ದನು. ಈಗ ಗುರುವೇ ಶಿಷ್ಯನನ್ನು ಅರಸಿ ನಡೆದನು. ಊರಿಂದೂರಿಗೆ ನಡೆದು ಅರಿವನ್ನು ಹಂಚುವ ಜಂಗಮತತ್ತ್ವವನ್ನು ಬಲ್ಲವರಿಗೆ ಇದರ ಬೆಲೆಯು ತಿಳಿಯದೆ ಇರದು. ಆದರೆ ಸೋಂಕಿನ ಭೀತಿಯಿಂದ ಅಕ್ಟೋಬರ್ ತಿಂಗಳಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪ್ರಾಣಕ್ಕೂ ಪಾಠಕ್ಕೂ ನಡುವೆ ಆಯ್ಕೆಮಾಡುವ ಕಷ್ಟವನ್ನು ಆ ಕಾಲದ ಹಿರಿಯರು ಅನುಭವಿಸಿದರು. ಅವರನ್ನು ದೂಷಿಸುವುದು ಸುಲಭ, ಸರಿಯಲ್ಲ.

ಇನ್ನೊಂದು ನಷ್ಟವನ್ನು ಹೇಳದೆ ಬಿಡಬಾರದು. ಕರ್ನಾಟಕದ ಶಾಲೆಗಳ ಮಧ್ಯಾಹ್ನದ ಊಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರು. ಶಾಲೆಯು ಮುಚ್ಚಿದಾಗ ಅಕ್ಕಿಬೇಳೆಗಳನ್ನು ಮನೆಗಳಿಗೆ ಹಂಚಲಾಯಿತು. ಅನ್ನವು ಮಗುವಿಗೆ ಮುಟ್ಟಿತು. ಆದರೆ ಜಾತಿಯನ್ನೂ ಸ್ಥಿತಿಯನ್ನೂ ಮರೆತು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಪಂಕ್ತಿಯು ಮುಟ್ಟಲಿಲ್ಲ. ದಾಸೋಹವೆಂದರೆ ಪದಾರ್ಥವಷ್ಟೇ ಅಲ್ಲ, ಕೂಡಿ ಕುಳಿತುಕೊಳ್ಳುವ ಭಾವವೂ ಹೌದು. ಅಕ್ಷರದ ವಿಷಯದಲ್ಲಿಯೂ ಹಾಗೆಯೇ: ಪಾಠವನ್ನು ಮನೆಗೆ ಕಳುಹಿಸಬಹುದು, ಪಂಕ್ತಿಯನ್ನು ಕಳುಹಿಸಲಾಗದು.

ಆಚರಣೆಗೆ ಕೆಲವು ಮಾತುಗಳು

2021ರ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೆಯ ತರಗತಿಗಳೂ, ಸೆಪ್ಟೆಂಬರ್ 6ರಂದು ಆರರಿಂದ ಎಂಟನೆಯವೂ, ಅಕ್ಟೋಬರ್ 25ರಂದು ಒಂದರಿಂದ ಐದನೆಯವೂ ಮತ್ತೆ ತೆರೆದುವು. ಗಂಟೆಯ ಸದ್ದು ಊರುಗಳಲ್ಲಿ ಮರಳಿ ಕೇಳಿಬಂದಿತು. ಆದರೆ ಆನ್‌ಲೈನ್ ಪಾಠವು ಮಾಯವಾಗಲಿಲ್ಲ. ಪರೀಕ್ಷೆಯ ಸಿದ್ಧತೆಗೆ, ಭಾಷೆ ಕಲಿಯಲು, ಸಂಗೀತಕ್ಕೆ, ವಚನಗಳ ವ್ಯಾಖ್ಯಾನಕ್ಕೂ ಜನರು ಇಂದು ಅದನ್ನು ಬಳಸುತ್ತಾರೆ. ಆದುದರಿಂದ ಅದರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ಇಂದಿಗೂ ಉಪಯುಕ್ತವಾದ ವಿಚಾರವೇ.

ಮೊದಲನೆಯದಾಗಿ, ಪಾಠಕ್ಕೆ ಸ್ಥಾನವೂ ಹೊತ್ತೂ ನಿಯತವಾಗಿರಬೇಕು. ಪೂಜೆಗೆ ಕೂರುವವನು ಮುಖ ತೊಳೆದು, ಮಡಿಯುಟ್ಟು, ಒಂದೆಡೆ ಕುಳಿತುಕೊಳ್ಳುವುದು ದೇವರಿಗಾಗಿ ಅಲ್ಲ, ತನ್ನ ಮನಸ್ಸಿಗಾಗಿ. ಹಾಸಿಗೆಯಲ್ಲಿ ಮಲಗಿ ಕೇಳಿದ ಪಾಠವು ಹಾಸಿಗೆಯಲ್ಲಿಯೇ ಉಳಿಯುವುದು.

ಎರಡನೆಯದಾಗಿ, ಕೇಳುವಾಗ ಕೈಯಲ್ಲಿ ಲೇಖನಿಯಿರಬೇಕು. ಮತ್ತೆ ತಿರುಗಿಸಿ ಕೇಳಬಹುದೆಂಬ ಧೈರ್ಯವೇ ಮೊದಲ ಸಲದ ಗಮನವನ್ನು ಕದಿಯುತ್ತದೆ. ಬರೆದುಕೊಳ್ಳುವವನು ಆ ಕಳ್ಳನಿಗೆ ಎಡೆಗೊಡುವುದಿಲ್ಲ.

ಮೂರನೆಯದಾಗಿ, ಪಾಠ ಮುಗಿದೊಡನೆ ಅದನ್ನು ಇನ್ನೊಬ್ಬರಿಗೆ ಹೇಳಬೇಕು. ಕೇಳುವವರು ಪಂಡಿತರಾಗಿರಬೇಕಾಗಿಲ್ಲ, ತಾಯಿ, ಅಜ್ಜಿ, ತಮ್ಮ, ನೆರೆಮನೆಯ ಗೆಳತಿ ಯಾರಾದರೂ ಸರಿಯೇ. ಹೇಳಲು ಹೊರಟಾಗ ತಡವರಿಸಿದ ಸ್ಥಳವೇ ತಿಳಿಯದ ಸ್ಥಳ.

ನಾಲ್ಕನೆಯದಾಗಿ, ಇದ್ದವರು ಇಲ್ಲದವರೊಡನೆ ಹಂಚಿಕೊಳ್ಳಬೇಕು. ಒಂದು ಕೇರಿಯಲ್ಲಿ ಒಂದು ಮೊಬೈಲಿದ್ದರೆ ಅದರ ಸುತ್ತ ನಾಲ್ವರು ಕೂಡಬಹುದು. ಹಾಗೆ ಕೂಡಿದಾಗ ಕೊರತೆಯೇ ಸಂಗವನ್ನು ತಂದುಕೊಡುವುದು. ಒಬ್ಬನೇ ಕುಳಿತು ಕೇಳಿದವನಿಗಿಂತ ನಾಲ್ವರೊಡನೆ ಕುಳಿತು ಕೇಳಿದವನು ಹೆಚ್ಚು ಕಲಿಯುವನು. ಇದೂ ದಾಸೋಹವೇ.

ಕಡೆಯದಾಗಿ, ಸಾಧ್ಯವಿದ್ದಾಗಲೆಲ್ಲ ಎದ್ದು ನಡೆದು ಗುರುವಿನ ಬಳಿಗೆ ಹೋಗಬೇಕು. ವೀರಶೈವ ದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವಿರಿಸುವ ವಿಧಿಯಿದೆ. ಕೆಲವು ವಿಷಯಗಳು ಕೈಯಿಂದ ಮಸ್ತಕಕ್ಕೆ ಬರಬೇಕೆಂಬುದೇ ಅದರ ಸೂಚನೆ. ಪರದೆಯು ದಾರಿಯನ್ನು ತೋರಬಹುದು, ಅದೇ ಊರಲ್ಲ.

ಶರಣಮಾರ್ಗವು ಕಟ್ಟಕಡೆಗೆ ಅರಿವನ್ನೇ ಗುರುವೆಂದು ಸಾರುತ್ತದೆ. ಆ ಅರಿವು ಮೂಡುವವರೆಗೆ ಹೊರಗಿನ ಗುರುವೂ ಬೇಕು, ಪಕ್ಕದ ಸಂಗಾತಿಯೂ ಬೇಕು. ಯಂತ್ರವು ಗುರುವಿನ ಮಾತನ್ನು ಬೆಟ್ಟದಾಚೆಗೂ ಕಡಲಾಚೆಗೂ ಮುಟ್ಟಿಸುವ ಸೇವೆಯನ್ನು ಮಾಡಲಿ. ಆ ಮಾತು ಮನೆಗೆ ಬಂದಾಗ, “ಏನವ್ವಾ, ಏನು ಹೇಳಿಕೊಟ್ರು?” ಎಂದು ವಿಚಾರಿಸುವ ಒಬ್ಬರು ಪ್ರತಿಯೊಂದು ಮನೆಯಲ್ಲಿಯೂ ಇರಲಿ. ಅಲ್ಲಿ ದೂರದ ಪಾಠವೂ ಹತ್ತಿರದ್ದಾಗುವುದು. ಸರ್ವರಿಗೂ ಶುಭವಾಗಲಿ.